ವೈದ್ಯಚರಿತ್ರೆಯ ಬೋಧನೆಯಲ್ಲಿ ಮೂಲದಾಖಲೆಗಳು: ಸಿಡುಬಿನ ಒಂದು ನಿದರ್ಶನ

ಶಾಲೆಯ ಮಕ್ಕಳಿಗೆ ವೈದ್ಯಶಾಸ್ತ್ರದ ಇತಿಹಾಸವು ಸಾಮಾನ್ಯವಾಗಿ ಒಂದು ಹೆಸರು ಮತ್ತು ಒಂದು ಇಸವಿಯ ರೂಪದಲ್ಲಿ ದೊರೆಯುತ್ತದೆ. ಸಿಡುಬಿನ ಲಸಿಕೆಯೆಂದರೆ ಜೆನ್ನರ್, ಪೆನಿಸಿಲಿನ್ ಎಂದರೆ ಫ್ಲೆಮಿಂಗ್. ಪರೀಕ್ಷೆಯಲ್ಲಿ ಇದಕ್ಕೆ ಒಂದು ಅಂಕ. ಅಲ್ಲಿಗೆ ಪಾಠ ಮುಗಿಯಿತು. ಆ ಔಷಧವನ್ನು ಮೊದಲು ಯಾರ ಮೈಗೆ ಹಾಕಿದರು, ಅವರು ಒಪ್ಪಿದ್ದರೇ, ಈ ಸಂಗತಿ ನಮಗೆ ತಿಳಿದದ್ದು ಹೇಗೆ, ಬರೆದಿಟ್ಟವರು ಯಾರು ಎಂಬ ಪ್ರಶ್ನೆಗಳು ತರಗತಿಯ ಬಾಗಿಲನ್ನೂ ತಟ್ಟುವುದಿಲ್ಲ. ವೈದ್ಯಚರಿತ್ರೆಯ ಸಾರವಿರುವುದು ಆ ಪ್ರಶ್ನೆಗಳಲ್ಲಿಯೇ. ಅವುಗಳಿಗೆ ಉತ್ತರ ದೊರೆಯುವುದು ಪಠ್ಯಪುಸ್ತಕದಲ್ಲಲ್ಲ, ಮೂಲದಾಖಲೆಗಳಲ್ಲಿ.

ದಾಖಲೆಯೆಂದರೆ ರಾಜರ ಶಾಸನವೆಂದು ಮಾತ್ರ ತಿಳಿಯಬೇಕಾಗಿಲ್ಲ. ಶಸ್ತ್ರವೈದ್ಯನೊಬ್ಬನ ಪತ್ರ, ಕಂಪನಿ ಸರಕಾರದ ಕಡತ, ಲಸಿಕೆಯ ವಾರ್ಷಿಕ ವರದಿ, ಜನನ ಮರಣಗಳ ನೋಂದಣಿ, ಹಳೆಯ ವೃತ್ತಪತ್ರಿಕೆ, ಒಂದು ವರ್ಣಚಿತ್ರ, ಇವೆಲ್ಲವೂ ದಾಖಲೆಗಳೇ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹಳೆಯ ಮೈಸೂರು ಸಂಸ್ಥಾನದ ಕಡತಗಳಿವೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಬ್ರಿಟಿಷ್ ಭಾರತದ ವೈದ್ಯಕೀಯ ವರದಿಗಳ ದೊಡ್ಡ ಸಂಗ್ರಹವೊಂದನ್ನು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಹಿಂದೆ ಸಂಶೋಧಕರಿಗೆ ಮಾತ್ರ ಎಟಕುತ್ತಿದ್ದ ಕಾಗದಗಳನ್ನು ಇಂದು ಹಳ್ಳಿಯ ಪ್ರೌಢಶಾಲೆಯ ಮಕ್ಕಳೂ ನೋಡಬಹುದಾಗಿದೆ. ನೋಡುವುದು ಹೇಗೆ ಎಂಬುದನ್ನು ಕಲಿಸುವುದು ಉಪಾಧ್ಯಾಯರ ಹೊಣೆ. ಸಿಡುಬೆಂಬ ಒಂದೇ ರೋಗದ ನಾಲ್ಕು ದಾಖಲೆಗಳನ್ನು ಇಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ಸಿಡುಬನ್ನು ಆರಿಸಿಕೊಳ್ಳಲು ಕಾರಣವುಂಟು. ಈ ರೋಗದ ಚರಿತ್ರೆಗೆ ಕೊನೆಯೊಂದಿದೆ. ಮನುಷ್ಯನು ಭೂಮಿಯ ಮೇಲಿಂದ ಪೂರ್ಣವಾಗಿ ಅಳಿಸಿಹಾಕಿದ ಮನುಷ್ಯರೋಗ ಇದೊಂದೇ. ಅಲ್ಲದೆ ನಮ್ಮ ಭಾಷೆಯಲ್ಲಿಯೇ ಅದರ ನೆನಪು ಹುದುಗಿದೆ. ಸಂಸ್ಕೃತ ವೈದ್ಯಗ್ರಂಥಗಳು ಇದನ್ನು ಮಸೂರಿಕಾ ಎಂದು ಕರೆದವು. ಮೈಮೇಲೆ ಏಳುವ ಗುಳ್ಳೆಗಳು ಮಸೂರದಂತೆ, ಎಂದರೆ ಚನ್ನಂಗಿ ಬೇಳೆಯಂತೆ ಕಾಣುವುದರಿಂದ ಆ ಹೆಸರು. ಚರಕ ಸುಶ್ರುತ ಸಂಹಿತೆಗಳಲ್ಲಿ ಅದರ ಪ್ರಸ್ತಾಪ ಸಂಕ್ಷಿಪ್ತವಾಗಿದೆ. ಮಾಧವನಿದಾನದಲ್ಲಿ ಅದಕ್ಕೊಂದು ಪ್ರತ್ಯೇಕ ಅಧ್ಯಾಯವೇ ಉಂಟು. ಜನರು ಮಾತ್ರ ಸಿಡುಬು, ಮೈಲಿ ಎಂದರು. ಹೆಸರು ಹಿಡಿಯಲು ಅಂಜಿ 'ಅಮ್ಮ' ಎಂದರು. ಪಾಠವನ್ನು ಈ ಪದಗಳಿಂದಲೇ ಆರಂಭಿಸಬಹುದು. ಪದವೂ ಒಂದು ದಾಖಲೆ.

ಮೊದಲನೆಯ ದಾಖಲೆ ಬಂಗಾಲಕ್ಕೆ ಸಂಬಂಧಿಸಿದ್ದು. 1767ರಲ್ಲಿ ಜೆ. ಝಡ್. ಹಾಲ್‌ವೆಲ್ ಎಂಬ ಶಸ್ತ್ರವೈದ್ಯನು ಲಂಡನ್ನಿನ ವೈದ್ಯರ ಕಾಲೇಜನ್ನು ಉದ್ದೇಶಿಸಿ, ಅಲ್ಲಿ ಸಿಡುಬನ್ನು ತಡೆಯುತ್ತಿದ್ದ ಪದ್ಧತಿಯ ವಿವರವನ್ನು ಪ್ರಕಟಿಸಿದನು. ವರ್ಷಕ್ಕೊಮ್ಮೆ, ಬೇಸಗೆಯ ಮುನ್ನ, ಬ್ರಾಹ್ಮಣರ ಸಣ್ಣ ಸಣ್ಣ ತಂಡಗಳು ಊರೂರು ತಿರುಗುತ್ತಿದ್ದವು. ಹಾಕಿಸಿಕೊಳ್ಳುವವರು ಮೊದಲು ಒಂದು ತಿಂಗಳ ಕಾಲ ಮೀನು, ಹಾಲು, ತುಪ್ಪಗಳನ್ನು ಬಿಡಬೇಕಾಗಿತ್ತು. ತೋಳಿನ ಚರ್ಮವನ್ನು ಸಣ್ಣ ಕಬ್ಬಿಣದ ಸಲಕರಣೆಯಿಂದ ಗೀರಿ, ಹಿಂದಿನ ವರ್ಷ ಸಿಡುಬಿನ ಗುಳ್ಳೆಯಿಂದ ತೆಗೆದಿಟ್ಟ ದ್ರವ್ಯವನ್ನು ಹತ್ತಿಯಲ್ಲಿ ಗಂಗೋದಕದಿಂದ ನೆನೆಸಿ ಅದರ ಮೇಲೆ ಕಟ್ಟುತ್ತಿದ್ದರು. ಆಮೇಲೆ ತಣ್ಣೀರಿನ ಸ್ನಾನ, ದೇವಿಯ ಪೂಜೆ. ಸೌಮ್ಯವಾಗಿ ರೋಗ ಬಂದು ಹೋಗುತ್ತಿತ್ತು, ಮತ್ತೆ ಬರುತ್ತಿರಲಿಲ್ಲ. ಇದಕ್ಕೆ ಟೀಕಾ ಎಂಬ ಹೆಸರಿತ್ತು.

ಈ ಬರೆಹವನ್ನು ಕನ್ನಡಿಸಿ ಮಕ್ಕಳ ಮುಂದಿಟ್ಟು, 'ಇದನ್ನು ನಂಬಬಹುದೇ?' ಎಂದು ಕೇಳಬೇಕು. 1756ರ ಕಲ್ಕತ್ತೆಯ 'ಕಪ್ಪುಕೋಣೆ'ಯ ಕಥೆಯನ್ನು ಪ್ರಸಿದ್ಧಿಗೆ ತಂದವನೂ ಈ ಹಾಲ್‌ವೆಲ್ಲನೇ. ಕೂಡಿಹಾಕಿದವರು 146 ಮಂದಿ, ಸತ್ತವರು 123 ಮಂದಿ ಎಂದು ಅವನು ಕೊಟ್ಟ ಲೆಕ್ಕವನ್ನು ನಂತರದ ಇತಿಹಾಸಕಾರರು ಬಲವಾಗಿ ಪ್ರಶ್ನಿಸಿದ್ದಾರೆ. ಒಂದು ಕಡೆ ಉತ್ಪ್ರೇಕ್ಷೆ ಮಾಡಿದನೆಂಬ ಆಕ್ಷೇಪಕ್ಕೆ ಗುರಿಯಾದವನ ಮಾತನ್ನು ಇನ್ನೊಂದು ಕಡೆ ಒಪ್ಪುವುದು ಹೇಗೆ? ಒಪ್ಪಲು ಎರಡನೆಯ ಸಾಕ್ಷಿ ಬೇಕು. ಆ ಸಾಕ್ಷಿಯೂ ಇದೆ. 1731ರಲ್ಲಿಯೇ ರಾಬರ್ಟ್ ಕೋಲ್ಟ್ ಎಂಬಾತನು ಬಂಗಾಲದಿಂದ ಬರೆದ ಪತ್ರವೊಂದರಲ್ಲಿ ಟೀಕಾ ಪದ್ಧತಿಯನ್ನು ಹೆಸರಿಸಿ ವರ್ಣಿಸಿದ್ದಾನೆ. ಒಬ್ಬರಿಂದೊಬ್ಬರು ದೂರವಿದ್ದ, 36 ವರ್ಷಗಳ ಅಂತರವಿರುವ ಎರಡು ಬರೆಹಗಳು ಮುಖ್ಯಾಂಶದಲ್ಲಿ ಕೂಡುತ್ತವೆ. ಈ ಎರಡನ್ನೂ ಹುಡುಕಿ, 1971ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಒಟ್ಟಿಗೆ ನಮ್ಮ ಮುಂದಿಟ್ಟವರು ಧರಂಪಾಲ್ ಅವರು. ಇಷ್ಟಾದ ಮೇಲೆಯೂ ಒಂದು ಮಿತಿಯನ್ನು ಮಕ್ಕಳು ಅರಿಯಬೇಕು. ಇದು ಬಂಗಾಲದ ಸಾಕ್ಷ್ಯ. ಕನ್ನಡ ನಾಡಿನಲ್ಲಿಯೂ ಹೀಗೆಯೇ ಇತ್ತೆಂದು ಹೇಳಬೇಕಾದರೆ ಕನ್ನಡ ನಾಡಿನ ಸಾಕ್ಷ್ಯವೇ ಬೇಕು.

ಎರಡನೆಯ ದಾಖಲೆ ಎಡ್ವರ್ಡ್ ಜೆನ್ನರನು 1798ರಲ್ಲಿ ಪ್ರಕಟಿಸಿದ ಚಿಕ್ಕ ಪುಸ್ತಕ. ಟೀಕಾ ಪದ್ಧತಿಯಂತಹುದೇ ಒಂದು ಪದ್ಧತಿ ಆ ವೇಳೆಗೆ ಇಂಗ್ಲೆಂಡಿನಲ್ಲಿಯೂ ರೂಢಿಯಲ್ಲಿತ್ತು. ಬಾಲ್ಯದಲ್ಲಿ ಜೆನ್ನರನೇ ಅದಕ್ಕೆ ಒಳಗಾಗಿದ್ದನು. ಆದರೆ ಅದರಲ್ಲಿ ಹಾಕುತ್ತಿದ್ದುದು ಮನುಷ್ಯರ ಸಿಡುಬನ್ನೇ. ಹಾಕಿಸಿಕೊಂಡವರಲ್ಲಿ ಕೆಲವರು ಸಾಯುತ್ತಿದ್ದರು. ಅವರಿಂದ ಇತರರಿಗೂ ರೋಗ ಹರಡಬಹುದಾಗಿತ್ತು. ಜೆನ್ನರನು ಹಾಕಿದ್ದು ಹಸುವಿನ ಕೆಚ್ಚಲಿಗೆ ಬರುವ ಬೇರೊಂದು ಸೌಮ್ಯ ರೋಗದ ದ್ರವ್ಯವನ್ನು. ಅವನ ಪುಸ್ತಕದಲ್ಲಿ 23 ಪ್ರಕರಣಗಳಿವೆ. ಹದಿನೇಳನೆಯದು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನದು. 1796ರ ಮೇ 14ರಂದು, ಹಾಲು ಕರೆಯುತ್ತಿದ್ದ ಸಾರಾ ನೆಲ್ಮ್ಸ್ ಎಂಬವಳ ಕೈಯ ಗುಳ್ಳೆಯಿಂದ ತೆಗೆದ ದ್ರವ್ಯವನ್ನು ಅವನ ತೋಳಿಗೆ ಹಾಕಲಾಯಿತು. ಜುಲೈ 1ರಂದು ನಿಜವಾದ ಸಿಡುಬಿನ ದ್ರವ್ಯವನ್ನೇ ಹಾಕಿ ಪರೀಕ್ಷಿಸಲಾಯಿತು. ರೋಗ ಬರಲಿಲ್ಲ.

ಪಠ್ಯಪುಸ್ತಕವು ಇಲ್ಲಿ ಜಯಘೋಷ ಮಾಡಿ ನಿಲ್ಲುತ್ತದೆ. ದಾಖಲೆಯನ್ನು ಓದಿದ ಮಕ್ಕಳು ಬೇರೆ ಪ್ರಶ್ನೆ ಕೇಳುತ್ತಾರೆ: ಬಂದಿದ್ದರೆ? ತೋಟಗಾರನ ಮಗನಾದ ಆ ಬಾಲಕನನ್ನು ಯಾರಾದರೂ ಕೇಳಿದರೇ? ಅವನ ಮಾತು ಪುಸ್ತಕದಲ್ಲಿಲ್ಲ. ಬೆಂಜಮಿನ್ ಜೆಸ್ಟಿ ಎಂಬ ರೈತನು 1774ರಲ್ಲಿಯೇ ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಹಸುವಿನ ಸಿಡುಬನ್ನು ಹಾಕಿದ್ದನೆಂದು ತಿಳಿದಾಗ 'ಮೊದಲಿಗ' ಎಂಬ ಪದವೂ ಅಲುಗಾಡುತ್ತದೆ. ಇದರಿಂದ ಜೆನ್ನರನ ಹಿರಿಮೆ ಕುಂದುವುದಿಲ್ಲ. ಪರೀಕ್ಷಿಸಿ, ಬರೆದು, ಲೋಕದ ಮುಂದಿಟ್ಟವನು ಅವನೇ. ಆದರೆ ಹಿರಿಮೆಯ ಸ್ವರೂಪ ಯಾವುದೆಂಬುದು ಮಕ್ಕಳಿಗೆ ಸ್ಪಷ್ಟವಾಗುತ್ತದೆ.

ಮೂರನೆಯ ದಾಖಲೆ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಚಿತ್ರ. ಅದರ ಹಿನ್ನೆಲೆ ತಿಳಿಯಬೇಕಾದರೆ ಲಸಿಕೆಯು ಭಾರತಕ್ಕೆ ಬಂದ ಬಗೆಯನ್ನು ನೋಡಬೇಕು. ಒಣಗಿಸಿ ಕಳುಹಿಸಿದ ದ್ರವ್ಯವು ದೀರ್ಘ ಪ್ರಯಾಣದ ಬಿಸಿಲಿಗೆ ಕೆಟ್ಟುಹೋಗುತ್ತಿತ್ತು. ಕೊನೆಗೆ ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಬಂದ ದ್ರವ್ಯವು 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ದುಸ್ತಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಫಲಿಸಿತು. ಆ ಮಗುವಿನ ಗುಳ್ಳೆಯಿಂದ ಬೇರೆ ಮಕ್ಕಳಿಗೆ, ಅವರಿಂದ ಮತ್ತೆ ಇತರರಿಗೆ, ಹೀಗೆ ತೋಳಿನಿಂದ ತೋಳಿಗೆ ದೀಪದಿಂದ ದೀಪ ಹಚ್ಚಿದಂತೆ ಲಸಿಕೆ ದೇಶದೊಳಕ್ಕೆ ಸಾಗಿತು. ಮೈಸೂರು ಸೀಮೆಯಲ್ಲಿ ಅದನ್ನು ಹರಡಲು ದುಡಿದವರಲ್ಲಿ ಫ್ರೆಂಚ್ ಪಾದ್ರಿ ಅಬೆ ದುಬಾಯ್ ಒಬ್ಬನು. ಭಾರತದಲ್ಲಿ ಸಂರಕ್ಷಿತವಾದ ಅಸಂಖ್ಯಾತ ಜೀವಗಳ ಮೂಲದಲ್ಲಿ ಒಂದು ಶಿಶುವಿನ ತೋಳಿದೆ. ಆ ಶಿಶುವಿನ ಹೆಸರು ನಮ್ಮ ಯಾವ ಪರೀಕ್ಷೆಯಲ್ಲಿಯೂ ಬರುವುದಿಲ್ಲ.

1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದನು ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದನು. ಬಹುಕಾಲ ಅದು ನರ್ತಕಿಯರ ಚಿತ್ರವೆಂದೇ ತಿಳಿಯಲಾಗಿತ್ತು. 2001ರಲ್ಲಿ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರು, ಇವರು ಮೈಸೂರು ಅರಮನೆಯ ರಾಣಿಯರು, ಚಿತ್ರದ ಉದ್ದೇಶ ಲಸಿಕೆಯ ಪ್ರಚಾರ ಎಂದು ವಾದಿಸಿದರು. ಬಲಬದಿಯ ಕಿರಿಯ ವಯಸ್ಸಿನವಳು ಸೀರೆಯ ಸೆರಗನ್ನು ಸರಿಸಿ, ಮುಚ್ಚಿರಬೇಕಾಗಿದ್ದ ಎಡತೋಳಿನತ್ತ ಬೆರಳು ತೋರುತ್ತಿದ್ದಾಳೆ. ಚಾನ್ಸೆಲರ್ ಅವರ ಪ್ರಕಾರ ಇವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಸ್ಥಳ. ಎಡಬದಿಯ ರಾಣಿಯ ಮೂಗು ಬಾಯಿಗಳ ಸುತ್ತಲಿನ ಬಣ್ಣದ ವ್ಯತ್ಯಾಸವನ್ನು ಅವರು ಹಳೆಯ ಪದ್ಧತಿಯ ಗುರುತೆಂದು ಅರ್ಥೈಸಿದ್ದಾರೆ. ನಡುವೆ ಇರುವವರು ಲಕ್ಷ್ಮಮ್ಮಣ್ಣಿಯವರು.

ಮಕ್ಕಳಿಗೆ ಚಿತ್ರವನ್ನು ಮೊದಲು ಯಾವ ವಿವರಣೆಯೂ ಇಲ್ಲದೆ ತೋರಿಸಬೇಕು. ಕಂಡದ್ದನ್ನು ಒಂದು ಪಟ್ಟಿಯಲ್ಲಿಯೂ, ಊಹಿಸಿದ್ದನ್ನು ಇನ್ನೊಂದು ಪಟ್ಟಿಯಲ್ಲಿಯೂ ಬರೆಯಿಸಬೇಕು. ಬೆರಳು ತೋಳಿನತ್ತ ಇದೆ ಎಂಬುದು ಕಂಡದ್ದು. ಲಸಿಕೆಯ ಕಲೆಯನ್ನು ತೋರುತ್ತಿದೆ ಎಂಬುದು ಊಹೆ. ಆ ಊಹೆಗೆ ಆಧಾರವಿದೆ. ಆದರೂ ಅದು ಊಹೆಯೇ. ಕಣ್ಣಿಗೂ ಬುದ್ಧಿಗೂ ನಡುವಣ ಈ ಗೆರೆಯನ್ನು ಎಳೆಯುವುದನ್ನು ಒಮ್ಮೆ ಕಲಿತ ವಿದ್ಯಾರ್ಥಿಯು ಅದನ್ನು ಮರೆಯುವುದಿಲ್ಲ.

ನಾಲ್ಕನೆಯ ದಾಖಲೆ ಎಲ್ಲಕ್ಕಿಂತ ಕಠಿಣವಾದ ಪಾಠ. 1819ರ ಜನವರಿ 12ರ 'ಮದ್ರಾಸ್ ಕೊರಿಯರ್' ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟವಾಯಿತು. ಬರೆದವನ ಹೆಸರು 'ಕಲ್ವಿ ವಿರುಂಬೋನ್'. ತಮಿಳಿನಲ್ಲಿ 'ವಿದ್ಯೆಯನ್ನು ಬಯಸುವವನು' ಎಂದರ್ಥ. ಧನ್ವಂತರಿಯದೆಂಬ ಪುರಾತನ ಸಂಸ್ಕೃತ ಗ್ರಂಥದಲ್ಲಿಯೇ ಗೋಲಸಿಕೆಯ ವಿಧಾನವಿದೆ ಎಂದು ಅದು ಸಾರಿತು. ಹಸುವಿನ ಕೆಚ್ಚಲಿನ ಗುಳ್ಳೆಯಿಂದಾಗಲಿ, ಮನುಷ್ಯನ ಹೆಗಲಿಗೂ ಮೊಣಕೈಗೂ ನಡುವಣ ಗುಳ್ಳೆಯಿಂದಾಗಲಿ ದ್ರವವನ್ನು ಶಸ್ತ್ರದ ಮೊನೆಯಲ್ಲಿ ತೆಗೆದು ಇನ್ನೊಬ್ಬನ ತೋಳಿಗೆ ಹಾಕಬೇಕೆಂಬುದು ಅದರ ಸಾರಾಂಶ. ಈ ಸುದ್ದಿ ಪತ್ರಿಕೆಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಭಾಷಣಕ್ಕೆ ಸಾಗಿ, ಜೆನ್ನರನಿಗಿಂತ ಸಾವಿರಾರು ವರ್ಷ ಮೊದಲೇ ನಮ್ಮವರು ಗೋಲಸಿಕೆಯನ್ನು ಬಲ್ಲವರಾಗಿದ್ದರೆಂಬ ನಂಬಿಕೆಯಾಗಿ ಬೇರೂರಿತು.

ಕೇಳಲು ಇಂಪಾದ ಮಾತು. ಪರೀಕ್ಷಿಸಿದರೆ ನಿಲ್ಲುವುದಿಲ್ಲ. ಪ್ರಾಚೀನ ಆಯುರ್ವೇದ ಸಂಹಿತೆಗಳಲ್ಲಿ ಅಂತಹ ವಾಕ್ಯವಿಲ್ಲ. ಮಸೂರಿಕೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ ಮಾಧವನಿದಾನದಲ್ಲಿಯೂ ಇಲ್ಲ. ಉಲ್ಲೇಖಿತ ವಿಧಾನವು ಜೆನ್ನರನ ನಂತರ ರೂಢಿಗೆ ಬಂದ ವಿಧಾನದ ಪಡಿಯಚ್ಚಿನಂತಿದೆ. ದೇಶದಲ್ಲಿಯೇ ಗೋಲಸಿಕೆ ತಿಳಿದಿದ್ದರೆ 1802ರಲ್ಲಿ ಬಾಗ್ದಾದಿನಿಂದ ಅದನ್ನು ತರಿಸುವ ಪರದಾಟವೇಕಿತ್ತು? 1987ರಲ್ಲಿ ಡೊಮಿನಿಕ್ ವುಜಾಸ್ಟಿಕ್ ಎಂಬ ವಿದ್ವಾಂಸರು ಈ ಪ್ರಸಂಗವನ್ನೆಲ್ಲ ಶೋಧಿಸಿ, ಇದೊಂದು 'ಸದುದ್ದೇಶದ ವಂಚನೆ' ಎಂದು ನಿರೂಪಿಸಿದರು.

ವಂಚನೆಯ ಜಾಡು ತಲಪುವುದು ಮದರಾಸಿನ ಕಂಪನಿ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್‌ನ ಬಳಿಗೆ. 1816ರಲ್ಲಿ ದಕ್ಷಿಣದ ಭಾಷೆಗಳು ಒಂದೇ ಕುಟುಂಬಕ್ಕೆ ಸೇರಿದವೆಂದು ತೋರಿಸಿದ ಆ ಎಲ್ಲಿಸನೇ ಇವನು. ದೇಶೀಯರು ಲಸಿಕೆಯನ್ನು ಒಪ್ಪಲೆಂದು ಪುರಾತನ ಗ್ರಂಥದ ವೇಷ ತೊಡಿಸಿ ಅವನು ಗೋಲಸಿಕೆಯ ಕುರಿತು ರಚನೆ ಮಾಡಿದ್ದನು. ವಿಚಿತ್ರವೆಂದರೆ, ವೋಲ್ಟೇರನಂತಹವನೂ ಪ್ರಾಚೀನವೆಂದು ನಂಬಿದ್ದ 'ಎಜೂರ್ ವೇದಂ' ಎಂಬ ಗ್ರಂಥವು ಪಾದ್ರಿಗಳ ಕೃತಕ ರಚನೆಯೆಂದು ಬಯಲಿಗೆಳೆದವನೂ ಇದೇ ಎಲ್ಲಿಸ್. ಒಂದು ಹುಸಿಯನ್ನು ಒಡೆದ ಕೈಯೇ ಜನಹಿತಕ್ಕಾಗಿ ಇನ್ನೊಂದನ್ನು ಕಟ್ಟಿತು.

ಈ ಪಾಠವನ್ನು ಹೇಳಲು ಅನೇಕ ಉಪಾಧ್ಯಾಯರು ಅಳುಕುತ್ತಾರೆ. ಮಕ್ಕಳ ದೇಶಾಭಿಮಾನಕ್ಕೆ ಕುಂದು ಬರಬಾರದೆಂಬ ಕಾಳಜಿ ಅವರದು. ಆದರೆ ವಿಚಾರಮಾಡಿ ನೋಡಿದರೆ ಸಂಗತಿ ತಿರುಗುಮುರುಗಾಗಿದೆ. ಬಂಗಾಲದ ಟೀಕಾಕಾರರು ಇಬ್ಬರು ಸಾಕ್ಷಿಗಳು ಹೇಳುವಂತೆ ನಿಜವಾಗಿ ಇದ್ದವರು. ಅವರ ಪಥ್ಯ, ಕಾಲನಿಯಮ, ದ್ರವ್ಯವನ್ನು ವರ್ಷಕಾಲ ಇಟ್ಟು ಬಳಸುವ ಕೌಶಲ ಎಲ್ಲವೂ ದಾಖಲಾಗಿವೆ. ಅದು ನಮ್ಮ ಜನರ ಸ್ವಂತ ಗಳಿಕೆ. ಗೋಲಸಿಕೆಯ ಶ್ಲೋಕವಾದರೋ ನಮ್ಮನ್ನು ಒಲಿಸಲು ಪರಕೀಯ ಅಧಿಕಾರಿಯೊಬ್ಬನು ಕಟ್ಟಿದ ಕಥೆ. ಅವನ ಕಥೆಯನ್ನು ತಲೆಯ ಮೇಲೆ ಹೊತ್ತು, ಹೆಸರಿಲ್ಲದ ನಮ್ಮ ಟೀಕಾಕಾರರನ್ನು ಮರೆಯುವುದು ಯಾವ ಅಭಿಮಾನ? ಗಿಲೀಟಿನ ಒಡವೆಗಾಗಿ ಮನೆಯ ಬಂಗಾರವನ್ನು ಬೀದಿಗೆಸೆದಂತೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಕ್ರಮ ಹೊಸದಲ್ಲ. ಅಂಕಿತವೊಂದನ್ನು ಕಂಡ ಮಾತ್ರಕ್ಕೆ ವಚನವನ್ನು ಆ ಶರಣರದೆಂದು ನಾವು ಒಪ್ಪಿಬಿಡುವುದಿಲ್ಲ. ಯಾವ ಓಲೆಯಲ್ಲಿದೆ, ಓಲೆಯ ಕಾಲವೆಂತು, ಪಾಠಾಂತರಗಳೇನು, ಭಾಷೆ ಆ ಕಾಲಕ್ಕೆ ಹೊಂದುವುದೇ ಎಂದು ಪರಿಶೀಲಿಸುತ್ತೇವೆ. ಪ್ರಕ್ಷಿಪ್ತವೆಂದು ಕಂಡುದನ್ನು ಬೇರೆಯಾಗಿ ಇಡುತ್ತೇವೆ. ಇದರಿಂದ ಶರಣರಲ್ಲಿ ನಮ್ಮ ಭಕ್ತಿ ಕಡಿಮೆಯಾಗಿಲ್ಲ. ಅವರ ನಿಜವಾದ ನುಡಿಗೆ ಇನ್ನಷ್ಟು ಹತ್ತಿರವಾಗಿದ್ದೇವೆ. ಗ್ರಂಥಸಂಪಾದನೆಯಲ್ಲಿ ನಾವು ತೋರುವ ಈ ನಿಷ್ಠುರತೆಯನ್ನು ವೈದ್ಯಚರಿತ್ರೆಯಲ್ಲಿ ಸಡಿಲಿಸಲು ಕಾರಣವಿಲ್ಲ.

ದಾಖಲೆಗಳ ಮಾತನ್ನು ಕೇಳುವಷ್ಟೇ ಅವುಗಳ ಮೌನವನ್ನೂ ಕೇಳಬೇಕು. ಹತ್ತೊಂಬತ್ತನೆಯ ಶತಮಾನದ ಲಸಿಕೆಯ ವರದಿಗಳಲ್ಲಿ ಲಸಿಕೆ ಬೇಡವೆಂದವರನ್ನು ಅಜ್ಞಾನಿಗಳೆಂದು ಎಣಿಸುವ ಧಾಟಿ ಪದೇ ಪದೇ ಕಾಣುತ್ತದೆ. ಅವರು ಏಕೆ ಬೇಡವೆಂದರು? ತೋಳಿನಿಂದ ತೋಳಿಗೆ ಹಾಕುವಾಗ ಬೇರೆ ರೋಗಗಳೂ ಸಾಗಬಹುದಾಗಿತ್ತು. ಯೂರೋಪಿನಲ್ಲಿಯೇ ಹೀಗೆ ಮಕ್ಕಳಿಗೆ ಉಪದಂಶ ರೋಗ ತಗುಲಿದ ಉದಾಹರಣೆಗಳಿವೆ. ದ್ರವ್ಯವು ಬಿಸಿಲಿಗೆ ಕೆಟ್ಟು ಫಲಿಸದಿರುವುದೂ ಉಂಟಾಗಿತ್ತು. ಗುಳ್ಳೆಯನ್ನು ಕೊಡಬೇಕಾಗಿದ್ದ ಮಗುವಿಗೆ ನೋವಿತ್ತು. ಹಳೆಯ ಟೀಕಾಕಾರರ ಜೀವನೋಪಾಯ ಹೋಗುತ್ತಿತ್ತು. 1865ರ ಕಾನೂನಿನಿಂದ ಕಲ್ಕತ್ತೆಯಲ್ಲಿ ಅವರ ವೃತ್ತಿಯೇ ನಿಷಿದ್ಧವಾಯಿತು. ವರದಿ ಬರೆದವನ ಕೈಯಲ್ಲಿ ಲೇಖನಿಯಿತ್ತು. ತೋಳು ಚಾಚಿದವಳ ಕೈಯಲ್ಲಿರಲಿಲ್ಲ. ಅವಳ ಕಡೆಯ ವೃತ್ತಾಂತವನ್ನು ಅಮ್ಮನ ಹಾಡುಗಳಲ್ಲಿ, ಹರಕೆಗಳಲ್ಲಿ, ಅಜ್ಜಿಯರ ನೆನಪಿನಲ್ಲಿ ಹುಡುಕಬೇಕು.

ಇನ್ನು ಆಚರಣೆಯ ಮಾತು. ಒಂದು ಅವಧಿಗೆ ಒಂದೇ ದಾಖಲೆ ಸಾಕು. ಅರ್ಧ ಪುಟಕ್ಕಿಂತ ಹೆಚ್ಚಿರಬಾರದು. ಅನುವಾದ ಸರಳವಾಗಿರಲಿ, ಆದರೆ ಮೂಲದ ಒರಟುತನವನ್ನು ಮುಚ್ಚದಿರಲಿ. ಯಾರು ಬರೆದರು, ಯಾರಿಗಾಗಿ ಬರೆದರು, ಕಣ್ಣಾರೆ ಕಂಡು ಬರೆದರೇ, ಎರಡನೆಯ ಸಾಕ್ಷಿ ಇದೆಯೇ, ಯಾರ ದನಿ ಇಲ್ಲಿಲ್ಲ ಎಂಬ ಐದು ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಉತ್ತರವನ್ನು ಮಕ್ಕಳಿಂದಲೇ ಹೊರಡಿಸಬೇಕು. ಉಪಾಧ್ಯಾಯನು ತೀರ್ಪನ್ನು ಮೊದಲೇ ಹೇಳಿಬಿಟ್ಟರೆ ದಾಖಲೆಯೂ ಇನ್ನೊಂದು ಪಠ್ಯಪುಸ್ತಕವಾಗಿಬಿಡುತ್ತದೆ.

ಪತ್ರಾಗಾರಕ್ಕೆ ಹೋಗಲಾಗದ ಶಾಲೆಗೂ ಒಂದು ದಾಖಲೆ ಸುಲಭವಾಗಿ ದೊರೆಯುತ್ತದೆ. ಹಿರಿಯರ ತೋಳುಗಳ ಮೇಲೆ ಸಿಡುಬಿನ ಲಸಿಕೆಯ, ನಮ್ಮ ಜನರ ಮಾತಿನಲ್ಲಿ ದಾಕು ಹಾಕಿಸಿದ, ದುಂಡನೆಯ ಕಲೆ ಇನ್ನೂ ಇದೆ. ಮಕ್ಕಳು ಅದನ್ನು ನೋಡಿ, ಯಾವಾಗ, ಎಲ್ಲಿ, ಯಾರು ಹಾಕಿದರೆಂದು ಕೇಳಿ ಬರೆದುಕೊಳ್ಳಲಿ. ಇಲ್ಲಿಯೂ ಎಚ್ಚರ ಬೇಕು, ಕ್ಷಯನಿವಾರಣೆಯ ಬಿ.ಸಿ.ಜಿ. ಚುಚ್ಚುಮದ್ದೂ ತೋಳಿನಲ್ಲಿ ಕಲೆಯುಳಿಸುತ್ತದೆ. ಎರಡನ್ನೂ ಬೇರ್ಪಡಿಸಿ ಗುರುತಿಸುವುದೇ ಒಂದು ಚಿಕ್ಕ ಸಂಶೋಧನೆ.

ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡುಬಂದದ್ದು 1975ರ ಮೇ ತಿಂಗಳಲ್ಲಿ. ಲೋಕದಲ್ಲಿ ಸಹಜವಾಗಿ ಸಿಡುಬು ತಗುಲಿದ ಕೊನೆಯ ವ್ಯಕ್ತಿ ಸೊಮಾಲಿಯಾದ ಆಸ್ಪತ್ರೆಯೊಂದರ ಅಡುಗೆಯವನು ಅಲಿ ಮಾವ್ ಮಾಲಿನ್. ಅದು 1977ರ ಅಕ್ಟೋಬರಿನಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆಯು ರೋಗ ನಿರ್ಮೂಲವಾಯಿತೆಂದು ಘೋಷಿಸಿತು. ಇದು ಒಬ್ಬ ಜೆನ್ನರನ ಕೆಲಸವಲ್ಲ. ಗಂಗೋದಕದಲ್ಲಿ ಹತ್ತಿ ನೆನೆಸಿದವರು, ಫಿಪ್ಸನಂತಹ ಬಾಲಕರು, ಅನ್ನಾಳಂತಹ ಶಿಶುಗಳು, ಬಿಸಿಲಿನಲ್ಲಿ ಹಳ್ಳಿಹಳ್ಳಿ ತಿರುಗಿದ ಲಸಿಕೆಯವರು, ಅಂಜುತ್ತಲೇ ತೋಳು ಚಾಚಿದ ತಾಯಂದಿರು, ಎಲ್ಲರೂ ಅದರಲ್ಲಿ ಪಾಲುಗಾರರು. ಇವರಲ್ಲಿ ಬಹುಪಾಲು ಜನರ ಹೆಸರು ಎಲ್ಲಿಯೂ ಇಲ್ಲ. ಇರುವಷ್ಟು ಹೆಸರುಗಳನ್ನಾದರೂ ಹುಸಿಯ ಬೆರಕೆಯಿಲ್ಲದೆ ಮುಂದಿನವರಿಗೆ ಒಪ್ಪಿಸುವುದು ಬೋಧಕರಾದವರ ಋಣ.